ಕಥೆ ಗಟ್ಟಿ, ಸಂಭಾಷಣೆ ಗಟ್ಟಿ, ಆದ್ರೂ ಪಾತ್ರ ನಂಬಿಸಲಿಲ್ಲ: ತಪ್ಪು ಎಲ್ಲಿ ಶುರುವಾಗುತ್ತೆ?

ಕತ್ತಲೆ ಹಾಲ್

ಎಂಟು ಕಂತಿನ ಒಂದು ಕೌಟುಂಬಿಕ ಸರಣಿ ನೋಡಿ ಮುಗಿಸಿದೆ. ಹೆಸರು ಹೇಳಲ್ಲ. ಈ ತೊಂದರೆ ಅದೊಂದಕ್ಕೇ ಅಂಟಿದ್ದಲ್ಲ, ಹೆಸರು ಹೇಳಿದರೆ ಮಾತು ಆ ಸರಣಿಯ ಪರ-ವಿರೋಧಕ್ಕೆ ಇಳಿದುಬಿಡುತ್ತೆ. ಬರವಣಿಗೆ ನಿಜಕ್ಕೂ ಚೆನ್ನಾಗಿತ್ತು. ಅಣ್ಣ ತಮ್ಮಂದಿರ ನಡುವೆ ವರ್ಷಗಟ್ಟಲೆ ಯಾರೂ ಬಾಯಿಬಿಡದ ಒಂದು ಹಳೇ ಲೆಕ್ಕ, ಅದು ನಿಧಾನಕ್ಕೆ ಮೇಲೆ ಬರೋ ರೀತಿ, ಎಲ್ಲೂ ಅವಸರವಿಲ್ಲ. ಕ್ಯಾಮೆರಾ, ಬೆಳಕು, ಹಿನ್ನೆಲೆ ಸಂಗೀತ, ಯಾವುದಕ್ಕೂ ಬೊಟ್ಟು ಮಾಡೋ ಹಾಗಿಲ್ಲ. ಆದರೂ ಐದನೇ ಕಂತಿನ ಹೊತ್ತಿಗೆ ತಮ್ಮನಿಗೆ ಏನಾದರೂ ಆಗಲಿ, ನನಗೇನೂ ಅನ್ನಿಸದಂತಾಗಿತ್ತು.

ಯಾಕೆ ಹೀಗಾಯ್ತು ಅಂತ ಒಂದು ದೃಶ್ಯವನ್ನು ಹಿಂದೆ ಮುಂದೆ ಓಡಿಸಿ ನೋಡಿದೆ. ಮೂವರು ಒಂದು ಕೋಣೆಯಲ್ಲಿದ್ದಾರೆ. "ಆ ಕಾಗದಕ್ಕೆ ಸಹಿ ಹಾಕಿದ್ದು ನಾನೇ" ಅಂತ ಅಣ್ಣ ಒಪ್ಪಿಕೊಳ್ಳುವ ದೃಶ್ಯ. ಅಣ್ಣನ ಪಾತ್ರಧಾರಿ ಮೇಜಿನ ಅಂಚನ್ನು ಉಗುರಿನಿಂದ ಕೆರೀತಾ ಮಾತಾಡ್ತಾರೆ, "ನಾನೇ" ಅನ್ನುವಾಗ ಬೆರಳು ನಿಲ್ಲುತ್ತೆ. ಬಾಗಿಲ ಬಳಿ ತಾಯಿ. ಆಕೆಗೆ ಒಂದೂ ಮಾತಿಲ್ಲ. ಕೈಯಲ್ಲಿದ್ದ ಲೋಟವನ್ನು ಎಲ್ಲಿಡಬೇಕು ಅಂತ ತೋಚದೆ ನಿಂತಿದ್ದಾರೆ, ಅಷ್ಟೇ. ಅಷ್ಟರಲ್ಲೇ ಆಕೆಗೆ ಈ ವಿಷಯ ಮೊದಲೇ ಗೊತ್ತಿತ್ತು ಅಂತ ನನಗೆ ತಿಳಿದುಹೋಯ್ತು. ಇನ್ನು ತಮ್ಮ. ಅಣ್ಣ ವಾಕ್ಯದ ಅರ್ಧದಲ್ಲಿದ್ದಾಗಲೇ ಇವರ ಹುಬ್ಬು ಗಂಟಿಕ್ಕಿತು. ಆಮೇಲೆ ಆ ಮುಖ ಹಾಗೇ ನಿಂತಿತು, ತನ್ನ ಸರದಿ ಕಾಯ್ತಾ. ಅಣ್ಣನ ಮಾತು ಮುಗಿದ ಕೂಡಲೇ ಸ್ಪಷ್ಟವಾದ ಉಚ್ಚಾರಣೆಯಲ್ಲಿ, ಎಲ್ಲ ಪದಕ್ಕೂ ಒಂದೇ ತೂಕ ಕೊಟ್ಟು, ಬರೆದಿದ್ದನ್ನು ಒಪ್ಪಿಸಿದರು.

ಅಣ್ಣನ ಮಾತು ಅವರ ಕಿವಿಗೆ ಬಿದ್ದೇ ಇಲ್ಲ. ಇಡೀ ಸರಣಿ ನಿಂತಿರೋದು ಆ ಮನುಷ್ಯನ ಮೇಲೆ. ನನ್ನ ಪ್ರಶ್ನೆ ಇದು: ನಿರ್ದೇಶಕರು, ನಿರ್ಮಾಪಕರು, ಸಂಕಲನಕಾರರು, ವಾಹಿನಿಯವರು, ಇಷ್ಟು ಜನರ ಕಣ್ಣು ದಾಟಿ ಇದು ಹೇಗೆ ಹೊರಗೆ ಬರುತ್ತೆ? ಇದು ನಟನ ದೌರ್ಬಲ್ಯವೋ, ಆಯ್ಕೆ ಮಾಡಿದವರ ತಪ್ಪೋ?

ಮೌನರಾಗ

ಮುಖ ಹೇಗೋ ಸಹಿಸಬಹುದು, ನನಗೆ ದನಿ ಕೆಟ್ಟರೆ ಮುಗೀತು. ಕೋಪ ಅಂದರೆ ಜೋರು, ದುಃಖ ಅಂದರೆ ಪಿಸುಮಾತು. ಇವೆರಡರ ನಡುವೆ ಮನುಷ್ಯರು ದಿನವಿಡೀ ಮಾತಾಡುವ ದನಿಯೇ ಇರಲ್ಲ.

ಕತ್ತರಿ ಮೇಜು

ಸಂಕಲನ ನನ್ನ ಕೆಲಸ, ಹಾಗಾಗಿ ನಮ್ಮ ಮೇಜಿನ ಮೇಲೆ ಏನು ನಡೆಯುತ್ತೆ ಅಂತ ಹೇಳ್ತೀನಿ.

ರಷ್ಯಾದ ಲೆವ್ ಕುಲೆಶೋವ್ ನೂರು ವರ್ಷದ ಹಿಂದೆ ಮಾಡಿದ ಪ್ರಯೋಗ ಸಿನಿಮಾ ಕಲಿತವರಿಗೆಲ್ಲ ಗೊತ್ತು. ನಟ ಇವಾನ್ ಮೊಜ್ಜುಖಿನ್ ಅವರ ಒಂದೇ ಮುಖದ ಶಾಟನ್ನು ಒಮ್ಮೆ ಸೂಪಿನ ಬಟ್ಟಲಿನ ಪಕ್ಕ, ಒಮ್ಮೆ ಶವಪೆಟ್ಟಿಗೆಯ ಪಕ್ಕ, ಒಮ್ಮೆ ಹೆಣ್ಣೊಬ್ಬಳ ಪಕ್ಕ ಜೋಡಿಸಿದರು. ನೋಡಿದವರಿಗೆ ಅದೇ ಮುಖದಲ್ಲಿ ಹಸಿವು, ದುಃಖ, ಆಸೆ ಕಂಡಿತು. ಇದನ್ನು ಹಿಡಿದುಕೊಂಡು "ಎಡಿಟಿಂಗ್‌ನಲ್ಲಿ ಸರಿಮಾಡ್ಕೋಬಹುದು ಬಿಡಿ" ಅನ್ನೋ ಮಾತು ಸೆಟ್ಟಿನಲ್ಲಿ ಸಲೀಸಾಗಿ ಬರುತ್ತೆ. ಆ ಪ್ರಯೋಗದಲ್ಲಿ ಮುಖ ಖಾಲಿ ಇತ್ತು, ಅದಕ್ಕೇ ಅದು ಕೆಲಸ ಮಾಡಿತು ಅನ್ನೋದನ್ನ ಮರೀತಾರೆ. ನೋಡುವವರು ತಮ್ಮ ಭಾವನೆಯನ್ನ ಅಲ್ಲಿ ತುಂಬಿದರು. ದುರ್ಬಲ ನಟನೆಯ ಮುಖ ಖಾಲಿ ಇರಲ್ಲ. ತಪ್ಪು ಭಾವನೆಯಿಂದ ತುಂಬಿರುತ್ತೆ. "ನಾನೀಗ ಆಘಾತಗೊಂಡಿದ್ದೇನೆ" ಅಂತ ಅದು ಕೂಗಿ ಹೇಳ್ತಿರುವಾಗ ನಾನು ಪಕ್ಕದಲ್ಲಿ ಏನಿಟ್ಟರೂ ನೋಡುವವರಿಗೆ ತುಂಬೋಕೆ ಜಾಗವಿಲ್ಲ.

ಆಗ ನಾವು ಮಾಡೋದು ಇಷ್ಟು. ಆ ನಟ ಮಾತಾಡುವಾಗ ಕೇಳಿಸಿಕೊಳ್ಳುವವರ ಮುಖಕ್ಕೆ ಕಟ್ ಮಾಡ್ತೀವಿ. ಒಂದು ಟೇಕಿನ ಚಿತ್ರಕ್ಕೆ ಇನ್ನೊಂದು ಟೇಕಿನ ದನಿ ಹೊಂದಿಸ್ತೀವಿ. ಬೆನ್ನು ಕಾಣುವ ಶಾಟಿದ್ದರೆ ಅದರಲ್ಲಿ ಡಬ್ಬಿಂಗಿನ ಮಾತು ಕೂರಿಸ್ತೀವಿ. ಮಾತು ಮುಗಿದ ಮೇಲಿನ ಮೌನವನ್ನಂತೂ ಕತ್ತರಿಸಲೇಬೇಕು, ಯಾಕಂದರೆ ಮೌನದಲ್ಲೇ ಬಣ್ಣ ಬಯಲಾಗೋದು.

ಕೆಟ್ಟ ಪರಿಣಾಮ ಶುರುವಾಗೋದು ಇಲ್ಲಿಂದ, ಇದನ್ನ ವಿಮರ್ಶೆಗಳಲ್ಲಿ ಯಾರೂ ಬರೆಯಲ್ಲ. ಒಬ್ಬರ ಮೌನ ಕತ್ತರಿಸಿದರೆ ಎದುರಿಗಿದ್ದವರ ಮೌನವೂ ಹೋಗುತ್ತೆ. ಚೆನ್ನಾಗಿ ಮಾಡಿದ ನಟಿ ಉತ್ತರ ಕೊಡೋಕೆ ಮುಂಚೆ ಉಸಿರು ಹಿಡಿದದ್ದು ನನ್ನ ಟೈಮ್‌ಲೈನಿನಲ್ಲಿ ಉಳಿಯಲ್ಲ. ಇಡೀ ದೃಶ್ಯ ಒಂದೇ ಲಯಕ್ಕೆ ಬರುತ್ತೆ, ಆಮೇಲೆ ಇಡೀ ಕಂತು. ನೋಡುವವರು "ಯಾಕೋ ಎಳೆದ ಹಾಗಿದೆ" ಅಂತಾರೆ, ಆದರೆ ಅಲ್ಲಿ ಎಳೆತವೇ ಇರಲ್ಲ. ನಿಲ್ಲಬೇಕಾದ ಕಡೆ ನಿಲ್ಲದೆ ಓಡಿದ್ದಕ್ಕೇ ಆ ಆಯಾಸ. ಒಬ್ಬ ಪಾತ್ರಧಾರಿಯ ದೌರ್ಬಲ್ಯ ಬರವಣಿಗೆಯದ್ದು, ನಿರ್ದೇಶನದ್ದು, ಪಕ್ಕದ ನಟರದ್ದು ಅಂತ ಬೇರೆ ಬೇರೆ ಹೆಸರಲ್ಲಿ ಜಮಾ ಆಗುತ್ತೆ.

ನೇಪಥ್ಯ

ನಟರ ಕಡೆಯಿಂದ ಒಂದು ಮಾತು ಬರಲೇಬೇಕು. ನಾನು ನಾಟಕದಿಂದ ಬಂದವಳು, ಈಗ ಕ್ಯಾಮೆರಾ ಮುಂದೂ ಕೆಲಸ ಮಾಡ್ತೀನಿ.

ನೀವು ಹೇಳಿದ ಆ ಸಹಿಯ ದೃಶ್ಯ ಚಿತ್ರೀಕರಣದ ಮೊದಲನೇ ದಿನವೇ ಆಗಿರಬಹುದು. ಆ ಮನೆ ಸಿಕ್ಕಿರೋದು ಆಗ ಮಾತ್ರ ಅಂದರೆ ಆ ಮನೆಯ ಎಲ್ಲ ದೃಶ್ಯ ಆಗಲೇ ಮುಗೀಬೇಕು. ಅಣ್ಣ ತಮ್ಮ ಅನ್ನಿಸಿಕೊಂಡ ಇಬ್ಬರು ಬೆಳಗ್ಗೆ ಕೈಕುಲುಕಿ ಪರಿಚಯ ಮಾಡಿಕೊಂಡು, ಮಧ್ಯಾಹ್ನ ಇಪ್ಪತ್ತು ವರ್ಷದ ಮುನಿಸು ಆಡಬೇಕು. ಹಿಂದಿನ ದೃಶ್ಯಗಳು ಇನ್ನೂ ನಡೆದೇ ಇಲ್ಲ. ಅಣ್ಣನ ಪಾತ್ರಧಾರಿಯ ಶಾಟ್ ಮೊದಲು ಮುಗಿದು ಅವರು ಹೊರಟುಹೋಗಿರಬಹುದು. ತಮ್ಮನ ಕ್ಲೋಸಪ್ಪಿಗೆ ಎದುರಿನ ಮಾತನ್ನು ಸಹಾಯಕ ನಿರ್ದೇಶಕರು ಹಾಳೆ ನೋಡಿಕೊಂಡು ಓದಿರಬಹುದು. ಕಣ್ಣಿನ ದಿಕ್ಕು ಸರಿ ಇರಲಿ ಅಂತ ಲೈಟ್ ಸ್ಟ್ಯಾಂಡಿಗೆ ಒಂದು ಟೇಪ್ ತುಂಡು ಅಂಟಿಸಿರ್ತಾರೆ. ಆ ಟೇಪನ್ನು ನೋಡ್ತಾ ದ್ರೋಹದ ಸುದ್ದಿ ಕೇಳಿಸ್ಕೋಬೇಕು.

ಇಷ್ಟು ಕಷ್ಟ ಇದೆ ಅಂತ ಗೊತ್ತಿದ್ದವರು ರಿಹರ್ಸಲ್ ಇಟ್ಟುಕೊಂಡರು. ಅಮೆರಿಕದ ನಿರ್ದೇಶಕ ಸಿಡ್ನಿ ಲುಮೆಟ್ ಟಿವಿ ನಾಟಕಗಳಿಂದ ಬಂದವರು. 1957ರ 'ಟ್ವೆಲ್ವ್ ಆಂಗ್ರಿ ಮೆನ್' ಚಿತ್ರೀಕರಣಕ್ಕೆ ಮುಂಚೆ ಹನ್ನೆರಡು ನಟರನ್ನೂ ಕೂರಿಸಿಕೊಂಡು ಎರಡು ವಾರದಷ್ಟು ಅಭ್ಯಾಸ ಮಾಡಿಸಿದರು. ಚಿತ್ರ ಬಹುಮಟ್ಟಿಗೆ ಒಂದೇ ಕೋಣೆಯಲ್ಲಿ ನಡೆಯುತ್ತೆ. ಮಾತಾಡದೆ ಕೂತಿರುವ ಜ್ಯೂರಿಯವರನ್ನ, ಅಂದರೆ ಮೊಕದ್ದಮೆಯ ತೀರ್ಪು ಕೊಡಬೇಕಾದ ಆ ಹನ್ನೆರಡು ಜನರನ್ನ, ಗಮನಿಸಿ ನೋಡಿ, ಪ್ರತಿಯೊಬ್ಬರೂ ಕೇಳಿಸಿಕೊಳ್ತಾ ಇದ್ದಾರೆ. ಅದು ಬರೀ ಪ್ರತಿಭೆಯಿಂದ ಬಂದಿದ್ದಲ್ಲ, ಒಟ್ಟಿಗೆ ಕಳೆದ ಸಮಯದಿಂದಲೂ ಬಂದಿದ್ದು. ಬ್ರಿಟನ್ನಿನ ನಿರ್ದೇಶಕ ಕೆನ್ ಲೋಚ್ ಬೇರೆ ದಾರಿ ಹಿಡಿದರು: ಕಥೆ ನಡೆಯುವ ಕ್ರಮದಲ್ಲೇ ಚಿತ್ರೀಕರಣ, ಮುಂದೇನಾಗುತ್ತೆ ಅಂತ ನಟರಿಗೆ ಪೂರ್ತಿ ಹೇಳದೇ ಇರೋದು. ಸ್ಪೀಲ್‌ಬರ್ಗ್ 'ಇ.ಟಿ.'ಯನ್ನು ಹೆಚ್ಚುಕಡಿಮೆ ಕಥೆಯ ಕ್ರಮದಲ್ಲೇ ತೆಗೆದದ್ದು, ಬೀಳ್ಕೊಡುವ ದೃಶ್ಯಕ್ಕೆ ಬರುವ ಹೊತ್ತಿಗೆ ಮಕ್ಕಳಿಗೆ ಆ ನಂಟು ಬೆಳೆದಿರಲಿ ಅಂತ.

ಇದ್ಯಾವುದನ್ನೂ ಕೊಡದೆ "ನಟನೆ ಬರಲ್ಲ" ಅಂತ ತೀರ್ಪು ಕೊಡೋದು ಅನ್ಯಾಯ.

ಕತ್ತಲೆ ಹಾಲ್

ನೇಪಥ್ಯ ಮೇಡಂ, ನೀವು ಹೇಳಿದ್ದರಲ್ಲಿ ಒಂದನ್ನೂ ತೆಗೆದುಹಾಕೋ ಹಾಗಿಲ್ಲ. ಆದರೆ ಅದೇ ಸೆಟ್ಟಿನಲ್ಲಿ, ಅದೇ ಅವಸರದಲ್ಲಿ ತಾಯಿಯ ಪಾತ್ರಧಾರಿಗೆ ಸಾಧ್ಯವಾಯ್ತಲ್ಲ? ಪರಿಸ್ಥಿತಿ ಎಲ್ಲರಿಗೂ ಒಂದೇ ಇತ್ತು.

ನೇಪಥ್ಯ

ಆಕೆಗೆ ಅಷ್ಟು ವರ್ಷದ ಅನುಭವ ಇರುತ್ತೆ. ಸಣ್ಣ ಪಾತ್ರಗಳಿಗೆ ನುರಿತವರನ್ನು ಕರೀತಾರೆ, ದೊಡ್ಡ ಪಾತ್ರಕ್ಕೆ ಹೊಸ ಮುಖ ಅಥವಾ ಮಾರ್ಕೆಟ್ ಇರುವ ಮುಖ. ಹೆಚ್ಚು ಭಾರ ಇರುವ ಕಡೆ ಕಡಿಮೆ ಅನುಭವ ಇಡ್ತಾರೆ. ಇದಕ್ಕೆ ನಟ ಹೊಣೆಯಾ?

ಮೂರನೇ ಸುತ್ತು

ಮೇಲಿನ ಮಾತಿನಲ್ಲೇ ಉತ್ತರ ಇದೆ. ನಾನು ಕಾಸ್ಟಿಂಗ್, ಅಂದರೆ ಪಾತ್ರಧಾರಿಗಳನ್ನು ಆಯ್ಕೆ ಮಾಡುವ ವಿಭಾಗದಲ್ಲಿ ಸಹಾಯಕಿ.

ನಮ್ಮ ಕೋಣೆಗೆ ಒಬ್ಬರು ಬಂದಾಗ ಮೊದಲ ಓದಿನಲ್ಲಿ ಚೆನ್ನಾಗಿ ಮಾಡಿದರಾ ಇಲ್ಲವಾ ಅನ್ನೋದು ಅರ್ಧ ವಿಷಯ. ಮನೆಯಲ್ಲಿ ಕನ್ನಡಿ ಮುಂದೆ ತಯಾರಾಗಿ ಬಂದಿರ್ತಾರೆ, ಮೊದಲ ಓದು ಅದನ್ನ ತೋರಿಸುತ್ತೆ. ಎರಡನೇ ಸಲ ಅದೇ ಹಾಳೆ ಕೊಟ್ಟು "ಈ ಸಲ ನಿಮಗೆ ಅವನ ಮೇಲೆ ಸಿಟ್ಟಿಲ್ಲ, ಅವನು ಹೇಳ್ತಿರೋದು ನಿಜವಾಗದಿರಲಿ ಅಂತ ಆಸೆ ಇದೆ" ಅಂತೀವಿ. ಹುಬ್ಬು, ಕೈ, ದನಿ ಎಲ್ಲ ಮೊದಲಿನ ಹಾಗೇ ಬಂದರೆ ಆ ವ್ಯಕ್ತಿ ಸೆಟ್ಟಿನಲ್ಲೂ ಹಾಗೇ ಮಾಡ್ತಾರೆ, ಯಾವ ನಿರ್ದೇಶಕರು ಬಂದರೂ ಅಷ್ಟೇ. ಇನ್ನೊಂದು ಪರೀಕ್ಷೆ, ಎದುರು ಓದುವ ನಾವು ನಡುವೆ ಒಂದು ಮಾತನ್ನು ಹಾಳೆಯಲ್ಲಿ ಇಲ್ಲದ ಹಾಗೆ ಬದಲಿಸ್ತೀವಿ. ಕೇಳಿಸಿಕೊಳ್ತಾ ಇದ್ದವರ ಕಣ್ಣು ಆ ಕ್ಷಣ ಬದಲಾಗುತ್ತೆ. ಸರದಿ ಕಾಯ್ತಾ ಇದ್ದವರು ಬದಲಾದ ಮಾತಿಗೂ ಹಳೇ ಉತ್ತರವನ್ನೇ ಕೊಡ್ತಾರೆ. ಮೂರನೆಯದು ಜೋಡಿ ಓದು: ಅಣ್ಣ ತಮ್ಮ ಆಗಬೇಕಾದ ಇಬ್ಬರನ್ನೂ ಒಟ್ಟಿಗೆ ಕೂರಿಸಿ ನೋಡೋದು. ಒಬ್ಬೊಬ್ಬರಾಗಿ ಅದ್ಭುತವಾಗಿದ್ದವರು ಜೋಡಿಯಾದಾಗ ಪರಸ್ಪರ ಅಪರಿಚಿತರ ಹಾಗೆ ಕಾಣೋದನ್ನ ನೋಡಿದ್ದೀನಿ.

ಈಗ ಕೇಳಿ. ಈ ಮೂರೂ ಪರೀಕ್ಷೆಗೆ ಬರುವವರು ಸಣ್ಣ ಮತ್ತು ಮಧ್ಯಮ ಪಾತ್ರದವರು. ಮುಖ್ಯಪಾತ್ರ ನಮ್ಮ ಕೋಣೆಗೆ ಬರೋ ಹೊತ್ತಿಗೆ ಎಷ್ಟೋ ಸಲ ತೀರ್ಮಾನ ಆಗಿಹೋಗಿರುತ್ತೆ. ಬಂಡವಾಳ ಹಾಕುವವರಿಗೆ ಒಂದು ಹೆಸರು ಬೇಕು, ಹೆಸರಿದ್ದವರನ್ನು ಆಡಿಷನ್ನಿಗೆ ಕರೆಯೋದು ಅವಮಾನ ಅನ್ನೋ ಭಾವನೆ ಇದೆ. ಸೋಷಿಯಲ್ ಮೀಡಿಯಾದ ಫಾಲೋವರ್ಸ್ ಲೆಕ್ಕವನ್ನೂ ಮೇಜಿನ ಮೇಲಿಡ್ತಾರೆ. ಹಾಗಾಗಿ ಒಂದೇ ಒಂದು ಸಾಲಿನ ಮಾತಿರುವ ಪಾತ್ರಧಾರಿ ಮೂರು ಸುತ್ತು ದಾಟಿ ಬಂದಿರ್ತಾರೆ, ಎಂಟು ಕಂತು ಹೊರಬೇಕಾದವರು ಒಂದೂ ಸುತ್ತು ದಾಟಿರಲ್ಲ. ಕತ್ತಲೆ ಹಾಲ್ ಅವರೇ, ತಾಯಿ ಮತ್ತು ತಮ್ಮನ ನಡುವೆ ನೀವು ಕಂಡ ವ್ಯತ್ಯಾಸ ಬಹುಶಃ ಇದೇ.

ಹೆಸರು ಬೇಡ ಅಂತ ಹಠ ಹಿಡಿದದ್ದರಿಂದ ಉಳಿದ ಕೆಲಸಗಳೂ ಇವೆ. 'ದಿ ಗಾಡ್‌ಫಾದರ್'ಗೆ ಆಗಿನ್ನೂ ದೊಡ್ಡ ಹೆಸರಲ್ಲದ ಅಲ್ ಪಚೀನೋ ಬೇಡ ಅಂತ ಸ್ಟುಡಿಯೋ ಹೇಳಿತ್ತು, ಚಿತ್ರೀಕರಣ ಶುರುವಾದ ಮೇಲೂ ಅವರ ಕೆಲಸ ಅನುಮಾನದಲ್ಲೇ ಇತ್ತು. ರೆಸ್ಟೋರೆಂಟಿನಲ್ಲಿ ಇಬ್ಬರನ್ನು ಕೊಲ್ಲುವ ದೃಶ್ಯ ನೋಡಿದ ಮೇಲೆ ಅವರೆಲ್ಲ ಸುಮ್ಮನಾದರು. ಆ ದೃಶ್ಯದಲ್ಲಿ ಎದುರಿನವನು ಮಾತಾಡ್ತಾನೇ ಇರ್ತಾನೆ, ಪಚೀನೋ ಅವರ ಕಣ್ಣಷ್ಟೇ ಓಡಾಡುತ್ತೆ. 'ಬ್ರೇಕಿಂಗ್ ಬ್ಯಾಡ್' ಸರಣಿಗೆ ಬ್ರಯಾನ್ ಕ್ರಾನ್‌ಸ್ಟನ್ ಅಂದಾಗ ವಾಹಿನಿಯವರಿಗೆ ನೆನಪಾದದ್ದು ಹಾಸ್ಯ ಸರಣಿಯೊಂದರ ಪೆದ್ದು ಅಪ್ಪ. ಸರಣಿಯ ಸೃಷ್ಟಿಕರ್ತ ವಿನ್ಸ್ ಗಿಲಿಗನ್ ಅವರು ತಾವೇ ಬರೆದಿದ್ದ, 1998ರಲ್ಲಿ ಪ್ರಸಾರವಾದ 'ದಿ ಎಕ್ಸ್-ಫೈಲ್ಸ್' ಕಂತೊಂದರಲ್ಲಿ ಕ್ರಾನ್‌ಸ್ಟನ್ ಮಾಡಿದ ಪಾತ್ರ ತೋರಿಸಿದರು. ಅಸಹ್ಯ ಹುಟ್ಟಿಸುವ ಮನುಷ್ಯ, ಆದರೂ ನೋಡುವವರಿಗೆ ಅವನ ಮೇಲೆ ಮರುಕ ಬರಬೇಕು. ಗಿಲಿಗನ್ ಅವರಿಗೆ ಬೇಕಾಗಿದ್ದ ಗುಣ ಅದೊಂದೇ, ಅದು ಈ ನಟನಲ್ಲಿ ಇದೆ ಅಂತ ಅವರಿಗೆ ಗೊತ್ತಿತ್ತು.

ನಮ್ಮ ಕೆಲಸಕ್ಕೆ ಪ್ರಶಸ್ತಿ ಬಂದದ್ದೂ ತೀರಾ ತಡವಾಗಿ. ಬ್ರಿಟನ್ನಿನ ಬಾಫ್ಟಾ ಸಿನಿಮಾ ಪ್ರಶಸ್ತಿಯವರು ಕಾಸ್ಟಿಂಗ್‌ಗೆ ಪ್ರಶಸ್ತಿ ಕೊಡೋಕೆ ಶುರುಮಾಡಿದ್ದು 2020ರಲ್ಲಿ. ಆಸ್ಕರ್‌ನಲ್ಲಿ ಈ ವಿಭಾಗ ತೆರೆಯುವುದಾಗಿ ಪ್ರಕಟಿಸಿದ್ದು 2024ರಲ್ಲಿ, ಅದೂ 2025ರ ಚಿತ್ರಗಳಿಂದ ಅನ್ವಯ. ಅಲ್ಲಿಯವರೆಗೆ ಉಡುಪಿಗೆ, ಮೇಕಪ್ಪಿಗೆ, ಶಬ್ದಕ್ಕೆ ಎಲ್ಲ ಆಸ್ಕರ್ ಇತ್ತು. ಪಾತ್ರಕ್ಕೆ ಮನುಷ್ಯರನ್ನು ಹುಡುಕಿ ತಂದವರಿಗೆ ಇರಲಿಲ್ಲ.

ಹಳೇ ರೀಲು

ಮೂರನೇ ಸುತ್ತು ಅವರ ಮಾತಿಗೆ ನನ್ನ ಮನಸ್ಸಲ್ಲಿ ಬಹಳ ದಿನದಿಂದ ಕೂತಿರುವ ಉದಾಹರಣೆ 'ದಿ ಗಾಡ್‌ಫಾದರ್' ಸರಣಿಯದ್ದೇ ಮೂರನೇ ಭಾಗ, 1990. ಪಚೀನೋ ಪಾತ್ರದ ಮಗಳು ಮೇರಿಯ ಪಾತ್ರಕ್ಕೆ ವಿನೋನಾ ರೈಡರ್ ನಿಗದಿಯಾಗಿದ್ದರು. ಕೊನೇ ಗಳಿಗೆಯಲ್ಲಿ ಅವರು ಹಿಂದೆ ಸರಿದಾಗ ನಿರ್ದೇಶಕ ಕೊಪೊಲಾ ತಮ್ಮ ಮಗಳು ಸೋಫಿಯಾ ಅವರನ್ನೇ ನಿಲ್ಲಿಸಿದರು. ಆಗ ಆಕೆಗೆ ಹದಿನೆಂಟರ ಆಸುಪಾಸು. ಆಕೆ ವೃತ್ತಿಪರ ನಟಿಯಲ್ಲ. ಎದುರಿಗೆ ಪಚೀನೋ, ಹೆಗಲ ಮೇಲೆ ಇಡೀ ಕಥೆಯ ಕೊನೆಯ ದುರಂತ. ಪತ್ರಿಕೆಗಳು ಆ ಹುಡುಗಿಯನ್ನು ಹರಿದು ಹಾಕಿದವು, ವರ್ಷದ ಕಳಪೆ ನಟನೆ ಅಂತ ರ‍್ಯಾಜಿ 'ಪ್ರಶಸ್ತಿ'ಯನ್ನೂ ಕೊಟ್ಟರು.

ಅದೇ ಸೋಫಿಯಾ 2003ರಲ್ಲಿ 'ಲಾಸ್ಟ್ ಇನ್ ಟ್ರಾನ್ಸ್‌ಲೇಶನ್' ಬರೆದು ನಿರ್ದೇಶಿಸಿದರು, ಚಿತ್ರಕಥೆಗೆ ಆಸ್ಕರ್ ಪಡೆದರು. ಆ ಚಿತ್ರದಲ್ಲಿ ನಟರಿಗೆ ಸಿಕ್ಕಿರುವ ಮೌನ ನೋಡಿ. ಆಕೆಗೆ ಪ್ರತಿಭೆ ಇರಲಿಲ್ಲ ಅನ್ನೋಕೆ ಆಗುತ್ತಾ? ಆಕೆಯನ್ನು ನಿಲ್ಲಿಸಿದ ಜಾಗ ತಪ್ಪಾಗಿತ್ತು. ಆಯ್ಕೆ ಮಾಡಿದ್ದು ದೊಡ್ಡವರು, ಪೆಟ್ಟು ತಿಂದದ್ದು ಆ ಹುಡುಗಿ. ನನಗೆ ಇವತ್ತಿಗೂ ಅದರ ಬಗ್ಗೆ ಸಿಟ್ಟಿದೆ.

ಕತ್ತರಿ ಮೇಜು

ಸೋಫಿಯಾ ವಿಷಯದಲ್ಲಿ ಒಪ್ತೀನಿ, ಒಂದು ಮಾತು ಬಿಟ್ಟು. ಪ್ರೇಕ್ಷಕರಿಗೆ ಹಿನ್ನೆಲೆ ಗೊತ್ತಿರಲ್ಲ, ಗೊತ್ತಿರಬೇಕಾಗೂ ಇಲ್ಲ. ಮೇರಿ ಸತ್ತಾಗ ತಂದೆಯ ಎದೆ ಒಡೆಯೋದು ಅವರಿಗೆ ತಟ್ಟಬೇಕಾದರೆ ಮೇರಿ ಬದುಕಿದ್ದಾಗ ಅವಳು ಇಷ್ಟವಾಗಿರಬೇಕು. ಅದಾಗಲಿಲ್ಲ ಅನ್ನೋದು ಚಿತ್ರದ ನಷ್ಟ. ಅದನ್ನ ಹೇಳಲೇಬೇಕು, ಹೇಳುವಾಗ ಬೆರಳು ಸರಿಯಾದ ಕಡೆ ಇರಬೇಕು.

ಬೀದಿ ದೀಪ

ಹಾಗಿದ್ದರೆ ತರಬೇತಿಯೇ ಇಲ್ಲದವರು ಗೆದ್ದದ್ದು ಹೇಗೆ? 1948ರ 'ಬೈಸಿಕಲ್ ಥೀವ್ಸ್' ನಾಯಕ ಲಂಬೆರ್ತೊ ಮಜ್ಜೊರಾನಿ ಕಾರ್ಖಾನೆಯ ಕೆಲಸಗಾರ. ಹಾಲಿವುಡ್ ನಿರ್ಮಾಪಕ ಸೆಲ್ಜ್‌ನಿಕ್ ಕ್ಯಾರಿ ಗ್ರ್ಯಾಂಟ್ ಅವರನ್ನು ಹಾಕಿಕೊಂಡರೆ ಹಣ ಕೊಡ್ತೀನಿ ಅಂದರೂ ನಿರ್ದೇಶಕ ಡಿ ಸಿಕಾ ಒಪ್ಪಲಿಲ್ಲ. ಕೆನ್ ಲೋಚ್ ಅವರ 'ಕೆಸ್' ಚಿತ್ರದ ಹುಡುಗ ಅಲ್ಲಿನದೇ ಶಾಲೆಯವನು. ನಟನೆ ಕಲಿತವರಿಗಿಂತ ಕಲಿಯದವರೇ ನಿಜ ಅನ್ನಿಸ್ತಾರೆ ಅಂತ ನನ್ನ ವಾದ.

ನೇಪಥ್ಯ

ಇದನ್ನ ಒಪ್ಪಲ್ಲ, ಬೀದಿ ದೀಪ ಅವರೇ. ಆ ಚಿತ್ರಗಳಲ್ಲಿ ಆ ವ್ಯಕ್ತಿಗಳಿಗೆ ಏನು ಮಾಡೋಕೆ ಕೊಟ್ಟಿದ್ದಾರೆ ಅಂತ ನೋಡಿ. ನಡೆಯೋದು, ಹುಡುಕೋದು, ಕಾಯೋದು, ಓಡೋದು. ದೇಹಕ್ಕೆ ಒಂದು ಕೆಲಸ ಇದೆ, ಆ ಕೆಲಸ ಅವರಿಗೆ ಹೊಸದಲ್ಲ. ಅದೇ ಕೆಲಸಗಾರನ ಕೈಗೆ ಎರಡು ಪುಟದ ವಾಗ್ವಾದ ಕೊಟ್ಟು, ಪ್ರತೀ ಟೇಕಿನಲ್ಲೂ ಅದೇ ಜಾಗದಲ್ಲಿ ಕಪ್ ಎತ್ತಬೇಕು, ಅದೇ ಪದಕ್ಕೆ ತಿರುಗಬೇಕು, ಬೆಳಕು ಬಿಟ್ಟು ಆಚೆ ಹೋಗಬಾರದು ಅಂದರೆ ಏನಾಗುತ್ತೆ? ಮಾತು ಹೆಚ್ಚಿರುವ ನಾಟಕೀಯ ಕಥೆಗೆ ಕಸುಬು ಬೇಕೇ ಬೇಕು.

ಸತ್ಯಜಿತ್ ರೇ 1955ರ 'ಪಥೇರ್ ಪಾಂಚಾಲಿ'ಯಲ್ಲಿ ಎರಡನ್ನೂ ಮಾಡಿದರು. ಅಪು ಆದ ಹುಡುಗನಿಗೆ ನಟನೆ ಗೊತ್ತಿರಲಿಲ್ಲ. ಹೂಬಿಟ್ಟ ಹುಲ್ಲಿನ ನಡುವೆ ಅವನು ಅಕ್ಕನನ್ನು ಹುಡುಕ್ತಾ ತಡವರಿಸಿ ನಡೀಬೇಕು. "ತಡವರಿಸು" ಅಂದರೆ ಮಗು ನಾಟಕ ಮಾಡುತ್ತೆ. ರೇ ಏನು ಮಾಡಿದರು ಅಂದರೆ, ದಾರಿಯಲ್ಲಿ ಕಡ್ಡಿಗಳನ್ನು ಹಾಕಿ ಅದನ್ನ ದಾಟಿಕೊಂಡು ನಡಿ ಅಂದರು, ಅಲ್ಲಲ್ಲಿ ಜನರನ್ನು ನಿಲ್ಲಿಸಿ ಹೆಸರು ಕೂಗಿಸಿದರು. ಹುಡುಗ ನಿಜವಾಗಿ ನೆಲ ನೋಡ್ತಾನೆ, ನಿಜವಾಗಿ ತಿರುಗ್ತಾನೆ. ಅದೇ ಚಿತ್ರದ ಮುದುಕಿಗೆ ಮಾತ್ರ ಹಳ್ಳಿಯ ಯಾವುದೋ ಅಜ್ಜಿಯನ್ನು ಹಿಡಿದು ತರಲಿಲ್ಲ. ಚುನಿಬಾಲಾ ದೇವಿ ಹಿಂದೊಮ್ಮೆ ರಂಗಭೂಮಿಯಲ್ಲಿ ಇದ್ದವರು, ಆಗ ಎಂಬತ್ತರ ಹತ್ತಿರ ವಯಸ್ಸು. ಯಾರಿಂದ ಏನು ಕೇಳಬೇಕು ಅಂತ ತಿಳಿದಿದ್ದರು ರೇ.

ಬೀದಿ ದೀಪ

ಕಡ್ಡಿಯ ವಿಷಯ ಗೊತ್ತಿರಲಿಲ್ಲ. ಒಳ್ಳೇ ಮಾತು ಹೇಳಿದ್ರಿ.

ಅಂದಾಜು ವಯಸ್ಸು

ಕಾಸ್ಟಿಂಗ್ ತಪ್ಪು ಅಂದರೆ ಎಲ್ಲರೂ ಮೊದಲು ವಯಸ್ಸು ಹಿಡೀತಾರೆ. ಅದು ಅಷ್ಟು ಸರಳ ಅಲ್ಲ. 'ದಿ ಗ್ರಾಜುಯೇಟ್' 1967ರದ್ದು. ಅದರಲ್ಲಿ ಆನ್ ಬ್ಯಾಂಕ್ರಾಫ್ಟ್ ಡಸ್ಟಿನ್ ಹಾಫ್‌ಮನ್‌ಗಿಂತ ಒಂದು ತಲೆಮಾರು ಹಿರಿಯಳ ಪಾತ್ರ ಮಾಡಿದ್ದಾರೆ, ನಿಜದಲ್ಲಿ ಇಬ್ಬರ ನಡುವೆ ಆರು ವರ್ಷವೂ ಇಲ್ಲ. ಯಾರಿಗೂ ಅನುಮಾನ ಬರಲ್ಲ. ಜಪಾನಿನ ನಿರ್ದೇಶಕ ಓಜು ಅವರ 'ಟೋಕಿಯೋ ಸ್ಟೋರಿ'ಯ ಮುದಿ ತಂದೆ ಚಿಶು ರ‍್ಯೂ ಅವರಿಗೆ ಆಗ ಐವತ್ತೂ ಆಗಿರಲಿಲ್ಲ. 2004ರ 'ಅಲೆಕ್ಸಾಂಡರ್'ನಲ್ಲಿ ತಾಯಿ ಆದ ಏಂಜಲೀನಾ ಜೋಲಿ ಮಗನಾದ ಕಾಲಿನ್ ಫ್ಯಾರೆಲ್‌ಗಿಂತ ಒಂದೇ ವರ್ಷ ದೊಡ್ಡವರು, ಅಲ್ಲಿ ನನಗೆ ಪ್ರತೀ ದೃಶ್ಯದಲ್ಲೂ ಅದು ಕಣ್ಣಿಗೆ ಕುಟುಕಿತು. ಬ್ಯಾಂಕ್ರಾಫ್ಟ್ ಬದುಕಿನಿಂದ ಬೇಸತ್ತ ಹೆಣ್ಣಿನ ಹಾಗೆ ಕೂರ್ತಾರೆ, ಸಿಗರೇಟು ಹಿಡೀತಾರೆ, ಯಾವುದಕ್ಕೂ ಅವಸರವಿಲ್ಲ. ರ‍್ಯೂ ಅವರ ಬೆನ್ನು ನೋಡಿದರೆ ಸಾಕು. ಜೋಲಿ ಪಾತ್ರದಲ್ಲಿ ನನಗೆ ಆ ವರ್ಷಗಳ ಭಾರ ಸಿಗಲಿಲ್ಲ.

ಮೌನರಾಗ

ಮತ್ತೆ ದನಿಯ ಕಡೆ ಬರ್ತೀನಿ. ದನಿ ಒಂದರಿಂದಲೇ ಪಾತ್ರ ಹುಟ್ಟಬಹುದು ಅನ್ನೋದಕ್ಕೆ 1977ರ 'ಸ್ಟಾರ್ ವಾರ್ಸ್' ಸಾಕು. ಡಾರ್ತ್ ವೇಡರ್ ಉಡುಪಿನೊಳಗಿದ್ದ ದೇಹ ಡೇವಿಡ್ ಪ್ರೌಸ್ ಅವರದು, ದನಿ ಜೇಮ್ಸ್ ಅರ್ಲ್ ಜೋನ್ಸ್ ಅವರದು. ಮುಖವೇ ಕಾಣದ ಪಾತ್ರಕ್ಕೆ ಅದು ಸರಿಹೋಯ್ತು. ಮುಖ ಕಾಣುವ ಕಡೆ ದನಿ ಬೇರೆಯವರದ್ದಾದರೆ ಅಪಾಯ ಹೆಚ್ಚು. ತುಟಿ ಹೊಂದಿಸೋದು ಸುಲಭ, ಕುತ್ತಿಗೆಯ ನರ ಹೊಂದಿಸೋಕೆ ಆಗಲ್ಲ. ದನಿಯಲ್ಲಿ ಅಳು ಇರುತ್ತೆ, ಗಂಟಲು ಕದಲಿರಲ್ಲ. ಏನೋ ಸುಳ್ಳಿದೆ ಅಂತ ನೋಡುವವರಿಗೆ ಹೊಳೆಯುತ್ತೆ, ಏನು ಅಂತ ಹೇಳೋಕೆ ಬರಲ್ಲ.

ಆಡುನುಡಿಯ ವಿಷಯವೂ ಹಾಗೇ. ಪಾತ್ರ ಯಾವ ಸೀಮೆಯದ್ದೋ ಆ ನುಡಿಯನ್ನು ನಾಲ್ಕು ಪದಕ್ಕೆ ಸೀಮಿತ ಮಾಡಿ ಉಳಿದದ್ದನ್ನು ಪುಸ್ತಕದ ಭಾಷೆಯಲ್ಲಿ ಹೇಳಿಸೋದು. ಹ್ಯೂ ಲಾರಿ ಇಂಗ್ಲೆಂಡಿನವರು. ಅಮೆರಿಕದ 'ಹೌಸ್' ಸರಣಿಗೆ ಅವರು ಕಳಿಸಿದ ಆಡಿಷನ್ ಟೇಪ್ ನೋಡಿ ನಿರ್ದೇಶಕ ಬ್ರಯಾನ್ ಸಿಂಗರ್ ಇವರನ್ನು ಅಮೆರಿಕದ ನಟ ಅಂತಲೇ ನಂಬಿದ್ದರು. ಆ ಮಟ್ಟದ ಅಭ್ಯಾಸ ಇಲ್ಲದಿದ್ದರೆ ಆ ಸೀಮೆಯವರನ್ನೇ ಹುಡುಕೋದು ಮೇಲು.

ಭಾವಾನುಭಾವ

ಇಲ್ಲಿ ನಡೆದ ಚರ್ಚೆ ಓದ್ತಾ ನಾಟ್ಯಶಾಸ್ತ್ರದ ನಾಲ್ಕು ಅಭಿನಯ ನೆನಪಾಯ್ತು. ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕ. ತೆರೆಯ ಮೇಲೆ ಆಹಾರ್ಯಕ್ಕೆ, ಅಂದರೆ ವೇಷಭೂಷಣಕ್ಕೆ, ಯಾರೂ ಕಡಿಮೆ ಮಾಡಲ್ಲ. ಜಿಮ್ಮಿಗೆ ಹೋಗಿ ಆಂಗಿಕ ಆಯ್ತು ಅಂದುಕೊಳ್ತಾರೆ. ವಾಚಿಕಕ್ಕೆ ಡಬ್ಬಿಂಗ್ ಇದೆ. ಸಾತ್ತ್ವಿಕ ಅಂದರೆ ಬೆವರೋದು, ದನಿ ನಡುಗೋದು, ಮುಖದ ಬಣ್ಣ ಬದಲಾಗೋದು, ಕಣ್ಣೀರು. ಮನಸ್ಸು ಅಲ್ಲಿ ನಿಂತಾಗ ಮಾತ್ರ ದೇಹಕ್ಕೆ ಬರುವಂಥವು. ರಂಗದ ಮೇಲೆ ಹಿಂದಿನ ಸಾಲಿನವರಿಗೆ ಇದೆಲ್ಲ ಕಾಣದೇ ಹೋಗಬಹುದು. ಕ್ಲೋಸಪ್ಪಿನಲ್ಲಿ ಕಾಣುವುದು ಇದು ಮಾತ್ರ. ರಂಗಭೂಮಿಯಿಂದ ಬಂದ ಕೆಲವು ದೊಡ್ಡ ನಟರೂ ಕ್ಯಾಮೆರಾ ಮುಂದೆ ಅತಿಯಾಗಿ ಕಾಣೋದಕ್ಕೆ ಇದೇ ಕಾರಣ, ಅವರ ಅಳತೆ ಕೊನೇ ಸಾಲಿಗೆ ಹೊಂದಿಸಿದ್ದು.

ನೇಪಥ್ಯ

ಆ ಅಳತೆ ಬದಲಾಯಿಸಿಕೊಳ್ಳೋದು ನನಗೂ ಕಷ್ಟವಾಗಿತ್ತು. ಕ್ಯಾಮೆರಾ ಮುಂದೆ ಹೆಚ್ಚು ಮಾಡಬಾರದು ಅಂತ ಎಲ್ಲರೂ ಹೇಳ್ತಾರೆ, ಅದನ್ನ ಏನೂ ಮಾಡಬಾರದು ಅಂತ ತಿಳಿದುಕೊಂಡು ಮುಖ ಕಲ್ಲು ಮಾಡಿಕೊಂಡವರೂ ಇದ್ದಾರೆ. ಈಚಿನ ಸರಣಿಗಳಲ್ಲಿ ಆ ಕಲ್ಲುಮುಖವನ್ನೇ ಸಹಜ ಅಭಿನಯ ಅಂತ ಹೊಗಳ್ತಾರೆ. ಒಳಗೆ ಏನೋ ನಡೀತಿದ್ದು ಅದನ್ನ ತಡೆದಿಟ್ಟುಕೊಂಡರೆ ಅದು ಬೇರೆ. ಒಳಗೂ ಏನಿಲ್ಲದಿದ್ದರೆ ಎರಡು ಕಂತಿನೊಳಗೆ ಗೊತ್ತಾಗಿಬಿಡುತ್ತೆ.

ಹಳೇ ರೀಲು

ತಪ್ಪು ಗೊತ್ತಾದ ಮೇಲೆ ನಿಲ್ಲಿಸುವ ಧೈರ್ಯದ ಬಗ್ಗೆ ಯಾರೂ ಹೇಳಲಿಲ್ಲ. 'ಬ್ಯಾಕ್ ಟು ದಿ ಫ್ಯೂಚರ್' ಚಿತ್ರೀಕರಣ ವಾರಗಟ್ಟಲೆ ನಡೆದಿತ್ತು, ನಾಯಕ ಎರಿಕ್ ಸ್ಟೋಲ್ಟ್ಜ್. ಅವರು ಕೆಟ್ಟ ನಟರಲ್ಲ. ಪಾತ್ರಕ್ಕೆ ಬೇಕಿದ್ದ ಹಗುರತನದ ಬದಲು ಗಂಭೀರವಾಗಿ ಆಡ್ತಿದ್ದರು. 1985ರ ಜನವರಿಯಲ್ಲಿ ಅವರನ್ನು ಬಿಟ್ಟು ಮೈಕೆಲ್ ಜೆ. ಫಾಕ್ಸ್ ಅವರನ್ನು ತಂದು ಆ ದೃಶ್ಯಗಳನ್ನೆಲ್ಲ ಮತ್ತೆ ತೆಗೆದರು. 'ಗೇಮ್ ಆಫ್ ಥ್ರೋನ್ಸ್' ಮೊದಲು ತೆಗೆದ ಪೈಲಟ್ ಕಂತಿನಲ್ಲಿ, ಅಂದರೆ ಪ್ರಾಯೋಗಿಕ ಕಂತಿನಲ್ಲಿ, ಡನೇರಿಸ್ ಮತ್ತು ಕ್ಯಾಟ್ಲಿನ್ ಪಾತ್ರಧಾರಿಗಳು ಬೇರೆ ಇದ್ದರು, ಪ್ರಸಾರಕ್ಕೆ ಮುಂಚೆ ಇಬ್ಬರನ್ನೂ ಬದಲಾಯಿಸಿ ಬಹುಪಾಲು ಮರುಚಿತ್ರೀಕರಣ ಮಾಡಿದರು.

ಕತ್ತಲೆ ಹಾಲ್

ಅಷ್ಟು ಖರ್ಚು ಭರಿಸೋ ಶಕ್ತಿ ಎಲ್ಲರಿಗೂ ಇರಲ್ಲ. ಸಣ್ಣ ಬಜೆಟ್ಟಿನವರು ಏನು ಮಾಡಬೇಕು? ಪೈಲಟ್ ತೆಗೆಯೋಕೂ ದುಡ್ಡಿಲ್ಲ, ಹೆಸರಿರುವ ಮುಖ್ಯನಟ ಈಗಾಗಲೇ ನಿಗದಿ, ಆಡಿಷನ್‌ಗೆ ಕರೆಯೋ ಹಾಗಿಲ್ಲ ಅಂತಿಟ್ಟುಕೊಳ್ಳಿ.

ಮೂರನೇ ಸುತ್ತು

ಆಡಿಷನ್ ಅನ್ನಬೇಡಿ, ಓದು ಅನ್ನಿ. ಎಲ್ಲ ಪಾತ್ರಧಾರಿಗಳನ್ನೂ ಒಂದು ಮೇಜಿನ ಸುತ್ತ ಕೂರಿಸಿ ಪೂರ್ತಿ ಚಿತ್ರಕಥೆ ಓದಿಸಿ. ಮುಖ್ಯನಟ ತಮ್ಮ ಮಾತಿಲ್ಲದ ಪುಟಗಳಲ್ಲಿ ಏನು ಮಾಡ್ತಾರೆ ಅಂತ ನೋಡಿ. ಹಾಳೆ ತಿರುವಿ ತಮ್ಮ ಮುಂದಿನ ಸಾಲು ಹುಡುಕ್ತಿದ್ದರೆ ನಿರ್ದೇಶಕರಿಗೆ ತಮ್ಮ ಮುಂದಿರುವ ಕೆಲಸ ಏನು ಅಂತ ಅಲ್ಲೇ ತಿಳಿಯುತ್ತೆ. ಅದರ ಮೇಲೆ ಬರಹಗಾರರು ಆ ಪಾತ್ರದ ಉದ್ದ ಮಾತುಗಳನ್ನು ಒಡೆದು ಎದುರಿನವರಿಗೆ ಹಂಚಬಹುದು. ಇದೆಲ್ಲ ಕಾಗದದ ಮೇಲೆ ಆಗುವ ಕೆಲಸ, ಖರ್ಚಿಲ್ಲ.

ಕತ್ತರಿ ಮೇಜು

ನನ್ನ ಕಡೆಯಿಂದ ಒಂದು ಬೇಡಿಕೆ. ಅಂಥ ನಟ ಇದ್ದಾರೆ ಅಂತ ಗೊತ್ತಾದರೆ, ದೃಶ್ಯದಲ್ಲಿ ಜೊತೆಗಿರುವ ಉಳಿದವರು ಕೇಳಿಸಿಕೊಳ್ಳುವ ಶಾಟುಗಳನ್ನು ಪೂರ್ತಿ ಉದ್ದಕ್ಕೆ ತೆಗೆದುಕೊಡಿ. ಮಾತು ಮುಗಿದ ಕೂಡಲೇ ಕಟ್ ಹೇಳಬೇಡಿ, ಕ್ಯಾಮೆರಾ ಇನ್ನೂ ಸ್ವಲ್ಪ ಓಡಲಿ.

ನೇಪಥ್ಯ

ಮತ್ತೆ, ಎಲ್ಲ ದೃಶ್ಯಕ್ಕೂ ರಿಹರ್ಸಲ್ ಆಗಲ್ಲ ಅಂದರೆ ಯಾವುದಕ್ಕೆ ಇಡಬೇಕು ಅಂತ ಹೇಳ್ತೀನಿ. ಕಣ್ಣೀರಿನ ದೃಶ್ಯ, ಜಗಳದ ದೃಶ್ಯ ಬಿಡಿ, ಅವಕ್ಕೆ ನಟರು ತಾವೇ ತಯಾರಾಗಿ ಬರ್ತಾರೆ. ಕಥೆಗೆ ಮುಂಚಿನ ದಿನಗಳ ದೃಶ್ಯ, ಅಂದರೆ ಆ ಅಣ್ಣ ತಮ್ಮ ಇನ್ನೂ ಚೆನ್ನಾಗಿದ್ದ ಕಾಲದ್ದು, ಸ್ಕ್ರಿಪ್ಟಿನಲ್ಲಿ ಇಲ್ಲದಿದ್ದರೂ ಸರಿ, ಅದನ್ನ ಒಂದು ಮಧ್ಯಾಹ್ನ ಇಬ್ಬರಿಂದಲೂ ಮಾಡಿಸಿ. ಒಬ್ಬರ ಕೈಯಿಂದ ಇನ್ನೊಬ್ಬರು ಏನನ್ನೋ ಕೇಳದೆ ಎತ್ತಿಕೊಳ್ಳುವಷ್ಟು ಸಲಿಗೆ ಬರಲಿ. ಆಮೇಲೆ ಸಹಿಯ ದೃಶ್ಯವನ್ನು ಮೊದಲನೇ ದಿನ ಇಟ್ಟರೂ ನಾನು ಆಕ್ಷೇಪ ಎತ್ತಲ್ಲ.